ಕಾವಿ ಬಳಿದ ಎರಡು ಎಣ್ಣೆ ಡ್ರಮ್ಮು

ನಮ್ಮ ಮನೆಯ ಹತ್ತಿರ ಒಂದು ಗ್ಯಾರೇಜಿದೆ. ಬೆಳಿಗ್ಗೆ ಕಾಫಿ ಕುಡಿದು ಅಲ್ಲಿ ಹೋಗಿ ಕೂರುವುದು ನನಗೆ ರೂಢಿ. ಅಲ್ಲಿನ ಹುಡುಗರು ಒಳ್ಳೆಯವರು, ಮುದುಕ ಅಂತ ಸ್ಟೂಲು ಕೊಡುತ್ತಾರೆ. ಒಂದು ದಿನ ಅವರಲ್ಲಿ ಒಬ್ಬ, ಫೋರ್ ವೀಲ್ ಗಾಡಿಗೆ ಯಾವ ಸಿಂಥೆಟಿಕ್ ಗೇರ್ ಆಯಿಲ್ ಹಾಕಿದರೆ ಒಳ್ಳೆಯದು ಅಂತ ಕೇಳಿದ. ಯಾವ ಹೊಟ್ಟೆಗೆ ಅಂತ ನಾನು ತಿರುಗಿ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

ಫೋರ್ ವೀಲ್ ಗಾಡಿಗೆ ಎಣ್ಣೆ ಕುಡಿಯುವ ಹೊಟ್ಟೆ ನಾಲ್ಕು. ಗೇರ್ ಬಾಕ್ಸ್, ಅದರ ಬೆನ್ನಿಗೆ ಅಂಟಿಕೊಂಡು ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಆಮೇಲೆ ಎಡಬಲ ಚಕ್ರಗಳ ನಡುವೆ ಅಚ್ಚಿನಲ್ಲಿ ಕೂತ ಡಿಫರೆನ್ಷಿಯಲ್, ಮುಂದೊಂದು ಹಿಂದೊಂದು. ನಾಲ್ಕಕ್ಕೂ ಒಂದೇ ಊಟ ಆಗುವುದಿಲ್ಲ. ಈಗಿನ ಸಿಂಥೆಟಿಕ್ ಎಣ್ಣೆ ಒಳ್ಳೆಯದೇ. ಬಿಸಿಗೆ ನೀರಾಗುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಆದರೆ ಎಷ್ಟು ಬೆಲೆಯ ಎಣ್ಣೆಯಾದರೂ ತಪ್ಪು ಹೊಟ್ಟೆಗೆ ಹೋದರೆ ಅದು ವಿಷವೇ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಬ್ಬ ಮನುಷ್ಯನ ಕೆಲಸ ಹೋಗುವ ಹಾಗಾದಾಗ ಕಲಿತೆ. ಆ ಹುಡುಗನಿಗೆ ಆವತ್ತು ಪೂರ್ತಿ ಹೇಳಲು ಆಗಲಿಲ್ಲ, ಅವನಿಗೆ ಫೋನ್ ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದವನು. ಹೆಸರು ಪುಟ್ಟಸ್ವಾಮಿ. ಹುಣಸೂರಿನಲ್ಲಿ ಒಂದು ಸರ್ಕಾರಿ ಇಲಾಖೆಯ ಜೀಪ್ ಶೆಡ್ಡಿಗೆ ಹೆಲ್ಪರ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದೆ. ನಡುವಿನ ಮೆಟ್ಟಿಲುಗಳ ಕಥೆ ನನ್ನ ಹೆಂಡತಿಗೂ ಬೇಡ, ನಿಮಗಂತೂ ಬೇಡವೇ ಬೇಡ. ಹೇಳಬೇಕಾದ್ದೆಲ್ಲ ಅರವತ್ತರ ದಶಕದ ಕೊನೆಯಲ್ಲಿ, ನಾನು ಇನ್ನೂ ಮೀಸೆ ತಿರುವುವ ಮೆಕ್ಯಾನಿಕ್ ಆಗಿದ್ದಾಗ ನಡೆದದ್ದು.

ಆಗ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಮೂರೂ ಕಡೆಯ ಜೀಪುಗಳು ರಿಪೇರಿಗೆ ನಮ್ಮ ಶೆಡ್ಡಿಗೇ ಬರಬೇಕು. ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಆ ಕಡೆಯ ಜೀಪುಗಳಿಗೆ ರಸ್ತೆ ಅನ್ನುವುದು ಒಂದು ಮರ್ಯಾದೆಯ ಮಾತು ಅಷ್ಟೆ. ಹಳ್ಳದಲ್ಲಿ ಇಳಿದು ಹತ್ತುವಾಗ ಹೌಸಿಂಗು ಅನ್ನುವ ಗೇರಿನ ಕವಚದ ಒಳಗೆ ನೀರು ಹೋಗಿ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕೆಳಗಿನ ಬೋಲ್ಟು ಬಿಚ್ಚಿದರೆ ಒಗ್ಗರಣೆಯೊಂದು ಇಲ್ಲ ಅನ್ನುವ ಹಾಗೆ ಸುರಿಯುತ್ತಿತ್ತು.

ಶೆಡ್ಡಿನ ಯಜಮಾನ ರಂಗಪ್ಪ ಮೇಸ್ತ್ರಿ. ಮಹಾಯುದ್ಧದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ಬಂದವರು. ಎಂಜಿನಿಯರುಗಳೇ ಅವರನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅವರಿಗೆ ಎರಡು ಹೆಸರುವಾಸಿ ಸಂಗತಿಗಳಿದ್ದವು. ಒಂದು, ಸೊಂಟದಲ್ಲಿ ಸಿಕ್ಕಿಸಿಕೊಂಡ ನಶ್ಯದ ಡಬ್ಬಿ. ಅರ್ಧ ಗಂಟೆಗೊಮ್ಮೆ ಒಂದು ಚಿಟಿಕೆ ಏರಿಸದಿದ್ದರೆ ಅವರಿಗೆ ನಟ್ಟು ಯಾವುದು ಬೋಲ್ಟು ಯಾವುದು ಅಂತ ತಿಳಿಯುತ್ತಿರಲಿಲ್ಲ. ಇನ್ನೊಂದು, ಬಲಗೈ ಹೆಬ್ಬೆರಳು. ಯಾವ ಎಣ್ಣೆ ಬಂದರೂ ಒಂದು ತೊಟ್ಟು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು, ತಿಕ್ಕಿ, ನಿಧಾನವಾಗಿ ಬೆರಳು ಬಿಡಿಸಿ ನೂಲು ತೆಗೆಯುತ್ತಿದ್ದರು. ನಮ್ಮೂರ ಕಡೆ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಾರಲ್ಲ, ಹಾಗೆ. ನೂಲು ತೆಗೆದು ಕಣ್ಣು ಮುಚ್ಚಿ, ಎಣ್ಣೆ ಎಷ್ಟು ಮಂದ ಅನ್ನುವ ನಂಬರು ಹಿಡಿದು, ಇದು ನೈಂಟಿ, ಇದು ಒನ್ ಫಾರ್ಟಿ, ಇದು ಕಲಬೆರಕೆ ಅಂತ ತೀರ್ಪು ಕೊಡುತ್ತಿದ್ದರು. ಆ ತೀರ್ಪಿಗೆ ಅಪೀಲು ಇರಲಿಲ್ಲ.

ಅವರ ಹೆಬ್ಬೆರಳಿನ ಮೇಲೆ ನಮಗಿದ್ದ ಭಕ್ತಿಗೆ ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ಬೆಟ್ಟದಪುರದ ಕಡೆಯಿಂದ ಒಂದು ಜೀಪು ಬಂತು. ದಾರಿಯಲ್ಲಿ ಹಿಂದಿನ ಡಿಫರೆನ್ಷಿಯಲ್ಲಿನ ಬೋಲ್ಟು ಕಳಚಿ ಎಣ್ಣೆಯೆಲ್ಲ ರಸ್ತೆಗೆ ಕುಡಿಸಿತ್ತು. ಡ್ರೈವರು ತೂತಿಗೆ ಮರದ ಬೆಣೆ ಹೊಡೆದು, ಎದುರಿಗೆ ಸಿಕ್ಕ ಎತ್ತಿನ ಗಾಡಿಯವನ ಹತ್ತಿರ ಕೀಲೆಣ್ಣೆ ಬೇಡಿ ಅದನ್ನೇ ತುಂಬಿಕೊಂಡು ಬಂದಿದ್ದ. ಕೀಲೆಣ್ಣೆ ಅಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು, ಗಾಡಿಯ ಅಚ್ಚಿಗೆ ಸವರುವಂಥದ್ದು. ಬೈಗುಳ ತಿನ್ನಲು ತಯಾರಾಗಿ ಅವನು ತಲೆ ಬಗ್ಗಿಸಿ ನಿಂತಿದ್ದ. ಮೇಸ್ತ್ರಿ ಅದನ್ನೂ ಬೆರಳಲ್ಲಿ ತಿಕ್ಕಿ, ನೂಲು ತೆಗೆದು, ಇಂಗ್ಲಿಷರ ಎಣ್ಣೆಗಿಂತ ಇದೇ ವಾಸಿ ಅಂದರು. ತೆಗೆದು ನೋಡಿದರೆ ಒಂದು ಹಲ್ಲೂ ಸವೆದಿರಲಿಲ್ಲ. ನನಗೆ ಆಮೇಲೆ ಗೊತ್ತಾಯಿತು, ಹರಳೆಣ್ಣೆ ನಿಜಕ್ಕೂ ಗಟ್ಟಿ ಎಣ್ಣೆ, ಆದರೆ ಆ ಕರಿ ಸ್ವಲ್ಪ ದಿನ ಇದ್ದಿದ್ದರೆ ಬೇರಿಂಗುಗಳನ್ನು ಅರೆದು ಹಾಕುತ್ತಿತ್ತು. ಆದರೂ ಆವತ್ತಿನಿಂದ ಹೆಬ್ಬೆರಳಿನ ಕೀರ್ತಿ ಕೊಡಗಿನ ಗಡಿಯವರೆಗೂ ಹೋಯಿತು.

ಇಂಥ ಕಾಲದಲ್ಲಿ ನಮಗೆ ಎರಡು ಬಗೆಯ ಗೇರ್ ಎಣ್ಣೆ ಬರಲು ಶುರುವಾಯಿತು. ಎರಡೂ ನೈಂಟಿ. ಎರಡೂ ಅಷ್ಟೇ ಮಂದ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಒಂದು ಸಾದಾ ನೈಂಟಿ. ಇನ್ನೊಂದು ಈ.ಪಿ. ನೈಂಟಿ, ಅದರಲ್ಲಿ ಗಂಧಕ ಸೇರಿಸಿರುತ್ತಾರೆ. ಡಿಫರೆನ್ಷಿಯಲ್ಲಿನಲ್ಲಿ ಪಿನಿಯನ್ ಅನ್ನುವ ಚಿಕ್ಕ ಗೇರು ಕ್ರೌನ್ ಅನ್ನುವ ದೊಡ್ಡ ಗೇರಿನ ಹಲ್ಲಿನ ಮೇಲೆ ಉರುಳುವುದಷ್ಟೇ ಅಲ್ಲ, ಜಾರುತ್ತದೆ ಕೂಡ. ಜಾರುವಾಗ ಸಾದಾ ಎಣ್ಣೆಯನ್ನು ಒರೆಸಿ ಹಾಕುತ್ತದೆ. ಗಂಧಕದ ಎಣ್ಣೆಯಾದರೆ ಕಬ್ಬಿಣಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾದರೆ ನಾಲ್ಕು ಹೊಟ್ಟೆಗೂ ಅದನ್ನೇ ಹಾಕಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಕೆ.ಆರ್. ನಗರದ ಒಂದು ಜೀಪಿಗೆ ನಾನು ಹಾಗೇ ಮಾಡಿದೆ. ಒಳ್ಳೆಯ ಎಣ್ಣೆ, ಗೇರ್ ಬಾಕ್ಸೂ ತಿನ್ನಲಿ ಅಂತ ಉದಾರವಾಗಿ ಸುರಿದೆ. ಮುಂದಿನ ವರ್ಷ ಆ ಜೀಪು ಗೇರು ಬದಲಿಸುವಾಗೆಲ್ಲ ಕಟಕಟ ಹಲ್ಲು ಕಡಿಯುತ್ತಾ ಬಂತು. ಬಿಚ್ಚಿದರೆ ಒಳಗಿನ ಹಿತ್ತಾಳೆ ರಿಂಗು, ಹೆಂಗಸರ ಬಳೆಯಷ್ಟು ಅಗಲದ್ದು, ಕಾಡಿಗೆಯ ಹಾಗೆ ಕಪ್ಪಾಗಿ ಅಂಚೆಲ್ಲ ತಿಂದುಹೋಗಿತ್ತು. ಕಬ್ಬಿಣಕ್ಕೆ ಅಮೃತವಾದ ಗಂಧಕ ಹಿತ್ತಾಳೆಗೆ ಶತ್ರು. ಮೇಸ್ತ್ರಿ ಒಂದು ಮಾತೂ ಬೈಯಲಿಲ್ಲ. ರಿಂಗನ್ನು ನನ್ನ ಕೈಗೆ ಕೊಟ್ಟು, ಮನೆಗೆ ತಗೊಂಡು ಹೋಗಿ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಬಾ ಅಂದರು. ಎರಡು ಸಂಜೆ ತಿಕ್ಕಿದೆ. ನನ್ನ ಹೆಂಡತಿಯ ಹುಣಸೆಹಣ್ಣು ಮುಗಿಯಿತು, ರಿಂಗು ಬೆಳ್ಳಗಾಗಲಿಲ್ಲ. ಆ ರಿಂಗನ್ನು ನಾನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡೆ. ದಿನಾ ಸ್ಪ್ಯಾನರು ತೆಗೆಯುವಾಗ ಅದು ಕಾಣುತ್ತಿತ್ತು.

ಅಂದಿನಿಂದ ನಮ್ಮ ಪದ್ಧತಿ ಖಡಾಖಂಡಿತವಾಯಿತು. ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸಿಗೆ ಸಾದಾ. ಮುಂದಿನ ಹಿಂದಿನ ಡಿಫರೆನ್ಷಿಯಲ್ಲಿಗೆ ಈ.ಪಿ. ಎರಡು ಡ್ರಮ್ಮು, ಎರಡಕ್ಕೂ ಬೇರೆ ಬೇರೆ ಕೈಪಂಪು. ಡ್ರಮ್ಮಿನ ಮೇಲೆ ಕಂಪನಿಯವರೇ ಬಿಳಿ ಅಕ್ಷರದಲ್ಲಿ ಬರೆದಿರುತ್ತಿದ್ದರು. ಅದಲ್ಲದೆ ಮೂಗಿದ್ದವರಿಗೆ ಗುರುತು ಸುಲಭ. ಈ.ಪಿ. ಎಣ್ಣೆಯ ಮುಚ್ಚಳ ತೆರೆದರೆ ಹಳಸಿದ ಬೆಳ್ಳುಳ್ಳಿಗೆ ಪಟಾಕಿ ಮದ್ದು ಬೆರೆಸಿದಂಥ ಒಂದು ನಾತ. ಬಟ್ಟೆಗೆ ತಾಗಿದರೆ ಮೂರು ಒಗೆತಕ್ಕೂ ಹೋಗುವುದಿಲ್ಲ. ಸಾದಾ ಎಣ್ಣೆಗೆ ಅಂಥ ವಾಸನೆ ಇಲ್ಲ.

ಇನ್ನು ಬೊಮ್ಮನ ವಿಷಯ. ಕಾಕನಕೋಟೆ ಕಾಡಂಚಿನಲ್ಲಿ ಕಾಡಿನ ಜನರ ಒಂದು ಹಾಡಿಯವನು. ಅಪ್ಪ ಕಾಡಿನಲ್ಲಿ ಕೂಲಿ ಮಾಡುತ್ತಿದ್ದ. ಇವನು ಅಣೆಕಟ್ಟೆಯ ಕಡೆ ಲಾರಿ ತೊಳೆಯುತ್ತಾ, ಕ್ಲೀನರ್ ಆಗಿ, ಲೈಸೆನ್ಸ್ ಮಾಡಿಸಿಕೊಂಡು ನಮ್ಮ ಇಲಾಖೆಗೆ ದಿನಗೂಲಿ ಡ್ರೈವರಾಗಿ ಬಂದಿದ್ದ. ಜೀಪಿನ ಜೊತೆ ಅವನಷ್ಟು ನಯವಾಗಿ ನಡೆದುಕೊಳ್ಳುವವನನ್ನು ನಾನು ಮತ್ತೆ ನೋಡಲಿಲ್ಲ. ಕ್ಲಚ್ಚು ಬಿಡುವುದು ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಆ ವರ್ಷ ಖಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಅವರ ಹಾಡಿಯಿಂದ ಸರ್ಕಾರಿ ನೌಕರಿಗೆ ಖಾಯಂ ಆಗುವವನು ಅವನೇ ಮೊದಲಿಗ. ಹಬ್ಬ ಕಳೆದ ಮೇಲೆ ಆರ್ಡರು ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಅವನು ಮಾತ್ರ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ, ಹೇಳಿದರೆ ತಪ್ಪಿಹೋಗುತ್ತದೆ ಅನ್ನುವವನ ಹಾಗೆ.

ಹಬ್ಬ ಅಂದರೆ ನಮ್ಮ ಶೆಡ್ಡಿಗೆ ಆಯುಧಪೂಜೆ. ಬೇರೆಯವರು ಗಾಡಿ ತೊಳೆದು ಹೂವು ಹಾಕುತ್ತಾರೆ. ನಮ್ಮಲ್ಲಿ ಪೂಜೆಯ ಹಿಂದಿನ ದಿನ ಅಷ್ಟೂ ಜೀಪುಗಳ ಗೇರ್ ಎಣ್ಣೆ ಬದಲಿಸಬೇಕು. ಡ್ರೈವರುಗಳು ಅದಕ್ಕೆ ಜೀಪಿನ ಎಣ್ಣೆನೀರು ಅಂತ ಹೆಸರಿಟ್ಟಿದ್ದರು. ಹೊಸ ಎಣ್ಣೆ ಕುಡಿಯದ ಗಾಡಿಗೆ ನಿಂಬೆಹಣ್ಣು ಇಡುವಂತಿಲ್ಲ. ಇದು ಯಾವ ಸರ್ಕ್ಯುಲರಿನಲ್ಲೂ ಇಲ್ಲದ, ಆದರೆ ಎಲ್ಲ ಸರ್ಕ್ಯುಲರಿಗಿಂತ ಗಟ್ಟಿಯಾದ ಕಾನೂನು.

ಆ ವರ್ಷ ಮೈಸೂರಿನಿಂದ ದೊಡ್ಡ ಸಾಹೇಬರು ಪೂಜೆಗೆ ಬರುತ್ತಾರೆ ಅಂತ ಸುದ್ದಿ ಬಂತು. ಶೆಡ್ಡು ಲಕ್ಷಣವಾಗಿ ಕಾಣಲಿ ಅಂತ ರಸ್ತೆ ಕೆಲಸದ ಗ್ಯಾಂಗಿನವರು ಬಂದು ಗೋಡೆಗೆ ಸುಣ್ಣ ಬಳಿದರು. ಗೋಡೆ ಮುಗಿದ ಮೇಲೆ ಕಾವಿ ಉಳಿಯಿತು. ಉಳಿದದ್ದನ್ನು ಯಾಕೆ ಚೆಲ್ಲಬೇಕು ಅಂತ ಡ್ರಮ್ಮುಗಳಿಗೂ ಬಳಿದರು, ನಡುವೆ ಸುಣ್ಣದ ಪಟ್ಟೆ ಎಳೆದರು, ದೇವಸ್ಥಾನದ ಗೋಡೆಯ ಹಾಗೆ. ಚಪ್ಪರ ಹಾಕಲು ಜಾಗ ಬೇಕು ಅಂತ ಡ್ರಮ್ಮುಗಳನ್ನು ಉರುಳಿಸಿ ಬೇರೆ ಮೂಲೆಗೆ ನಿಲ್ಲಿಸಿದರು. ಪಂಪುಗಳನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಅನ್ನಿಸಿ ಒಂದೇ ಕಡೆ ಒರಗಿಸಿದರು. ಮಾರನೆಯ ದಿನ ನಾವು ಎಣ್ಣೆ ಬದಲಿಸಲು ಬಂದಾಗ ಎರಡು ಡ್ರಮ್ಮು ಅವಳಿ ಮಕ್ಕಳ ಹಾಗೆ ನಿಂತಿದ್ದವು. ಅಕ್ಷರದ ಗುರುತು ಒಂದೂ ಇರಲಿಲ್ಲ.

ಕೆರೆದು ನೋಡೋಣ ಅಂತ ಒಬ್ಬ ಅಂದ. ನಾಳೆ ಸಾಹೇಬರು ಬರುವಾಗ ಕೆರೆದ ಡ್ರಮ್ಮು ಇಡುತ್ತೀಯಾ ಅಂತ ಸ್ಟೋರಿನವನು ಅವನ ಮೇಲೆ ಹರಿಹಾಯ್ದ. ಹೆಬ್ಬೆರಳಿರುವಾಗ ಕೆರೆಯುವುದು ಯಾಕೆ ಅಂತ ಡ್ರೈವರುಗಳೆಲ್ಲ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಒಂದು ಚಿಟಿಕೆ ನಶ್ಯ ಏರಿಸಿ, ಮೊದಲ ಡ್ರಮ್ಮಿನ ಮುಚ್ಚಳ ತೆಗೆಸಿ, ಬೆರಳು ಅದ್ದಿ ನೂಲು ತೆಗೆದರು. ಎರಡನೆಯದಕ್ಕೂ ಹಾಗೇ ಮಾಡಿದರು. ಆಮೇಲೆ ಮೊದಲನೆಯದರ ಮೇಲೆ ಕೈಯಿಟ್ಟು, ಇದೇ ಈ.ಪಿ. ಅಂದರು. ಹೇಳಿ ಒಂದು ಕ್ಷಣ ನನ್ನ ಮುಖ ನೋಡಿದರು.

ನಾನು ಅವರ ಪಕ್ಕದಲ್ಲೇ ಬಗ್ಗಿ ನಿಂತಿದ್ದೆ. ಆ ಡ್ರಮ್ಮಿನಿಂದ ಗಂಧಕದ ನಾತ ಬರುತ್ತಿರಲಿಲ್ಲ.

ಬಾಯಿ ತೆರೆಯುವ ಸಮಯ ಅದೇ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಗಾದೆ ಇದೆಯಲ್ಲ, ನಾನು ಬಾಯಿಯನ್ನೂ ಮುಚ್ಚಿಕೊಂಡೆ. ಸುಣ್ಣದ ವಾಸನೆ, ಸೀಮೆಎಣ್ಣೆ ವಾಸನೆ ತುಂಬಿದೆ, ನನ್ನ ಮೂಗೇ ಮೋಸ ಮಾಡಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನಿಜ ಏನೆಂದರೆ, ಅಷ್ಟು ಜನರ ಎದುರು ಹಬ್ಬದ ಮುನ್ನಾದಿನ ರಂಗಪ್ಪ ಮೇಸ್ತ್ರಿಯ ಹೆಬ್ಬೆರಳು ತಪ್ಪು ಅನ್ನುವ ಧೈರ್ಯ ನನಗಿರಲಿಲ್ಲ. ಅವರು ನನ್ನ ಮುಖ ನೋಡಿದ್ದು ಎದುರು ಮಾತಾಡ್ತೀಯಾ ಅಂತ ಗದರಿದ ಹಾಗೆ ನನಗೆ ಕಂಡಿತು. ಆ ದಿನ ಆರು ಜೀಪಿಗೆ ಎಣ್ಣೆ ಬದಲಿಸಿದೆವು. ಸಾದಾ ಎಣ್ಣೆ ಡಿಫರೆನ್ಷಿಯಲ್ಲಿಗೆ ಹೋಯಿತು, ಗಂಧಕದ ಎಣ್ಣೆ ಹಿತ್ತಾಳೆ ಇರುವ ಗೇರ್ ಬಾಕ್ಸಿಗೆ ಹೋಯಿತು. ಮಾರನೆಯ ದಿನ ಸಾಹೇಬರು ಬಂದರು, ಡ್ರಮ್ಮುಗಳು ಚೆನ್ನಾಗಿವೆ ಅಂದರು, ಕುಂಬಳಕಾಯಿ ಒಡೆದು ಹೋದರು.

ಆರರಲ್ಲಿ ಭಾರ ಎಳೆಯುತ್ತಿದ್ದದ್ದು ಬೊಮ್ಮನ ಜೀಪು ಒಂದೇ. ಹಿಂದೆ ಟ್ರೈಲರ್ ಕಟ್ಟಿಕೊಂಡು ಬೀಚನಹಳ್ಳಿಯ ದಿಬ್ಬ ಹತ್ತಬೇಕಾಗಿತ್ತು. ಕೆಲವು ವಾರಕ್ಕೆ ಹಿಂದುಗಡೆ ಊಳಿಡುವ ಸದ್ದು ಶುರುವಾಗಿದೆ ಅಂತ ಅವನು ಒಮ್ಮೆ ಹೇಳಿ ಕಳಿಸಿದ್ದ. ಮುಂದಿನ ಸಲ ಬಂದಾಗ ನೋಡೋಣ ಅಂದುಬಿಟ್ಟೆ, ಅದೂ ನಾನೇ. ಒಂದು ದಿನ ದಿಬ್ಬದ ನಡುವೆ ಪಿನಿಯನ್ ಹಲ್ಲು ಮುರಿದು ಜೀಪು ನಿಂತಿತು. ಟ್ರೈಲರಿನಲ್ಲಿದ್ದ ಕಬ್ಬಿಣದ ಸರಳು ಹಿಂದಕ್ಕೆ ಜಾರಿ ಹಳ್ಳಕ್ಕೆ ಬಿದ್ದವು. ಯಾರಿಗೂ ಏಟಾಗಲಿಲ್ಲ, ಅದೊಂದು ಪುಣ್ಯ. ಬೊಮ್ಮ ಏನು ಮಾಡಿದ ಅಂದರೆ, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬರೀ ಮುಂದಿನ ಎರಡು ಚಕ್ರದ ಬಲದಲ್ಲಿ ನಡಿಗೆಯ ವೇಗಕ್ಕೆ ಜೀಪನ್ನು ಹುಣಸೂರಿನವರೆಗೂ ತಂದ.

ಇಷ್ಟು ತಿಳಿದವನನ್ನು ಮೆಚ್ಚಬೇಕಾಗಿತ್ತು. ಆದರೆ ಫೈಲಿಗೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು. ನಮ್ಮ ಮೇಲಿದ್ದ ಎಂಜಿನಿಯರು ಹೊಸಬರು, ಕೆಟ್ಟವರಲ್ಲ, ಕಾಗದದಲ್ಲಿ ಬಂದದ್ದನ್ನು ನಂಬುವವರು. ಎಣ್ಣೆ ಸರಿಯಾಗಿತ್ತೇ ಅಂತ ಮೇಸ್ತ್ರಿಯನ್ನು ಕೇಳಿದರು. ಹೌಸಿಂಗಿನಿಂದ ಇಳಿಸಿದ ಎಣ್ಣೆಯನ್ನು ಮೇಸ್ತ್ರಿ ಬೆರಳಲ್ಲಿ ತಿಕ್ಕಿ, ಸರಿ ಇದೆ ಅಂದರು. ಎಣ್ಣೆ ಸರಿಯಿದ್ದರೆ ಉಳಿದದ್ದು ಒಂದೇ ಕಾರಣ, ಡ್ರೈವರು ದಿಬ್ಬದಲ್ಲಿ ಕ್ಲಚ್ಚನ್ನು ಧಡಕ್ಕನೆ ಬಿಟ್ಟಿದ್ದಾನೆ. ಚಾಲಕನ ಅಜಾಗರೂಕತೆ ಅಂತ ರಿಪೋರ್ಟು ತಯಾರಾಯಿತು. ಸೋಮವಾರ ವಿಚಾರಣೆ, ಅದರಲ್ಲಿ ಸಹಿ ಬಿದ್ದರೆ ಖಾಯಂ ಪಟ್ಟಿಯಿಂದ ಹೆಸರು ಹೋಗುತ್ತದೆ, ದಿನಗೂಲಿಯೂ ಹೋಗುತ್ತದೆ.

ಇಳಿಸಿದ ಎಣ್ಣೆಯ ಬಾಣಲಿ ಇನ್ನೂ ಜೀಪಿನ ಕೆಳಗಿತ್ತು. ಬೊಮ್ಮ ಅದರ ಹತ್ತಿರ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದ.

"ಸಾ, ಈ ಎಣ್ಣೆಗೆ ವಾಸ್ನೆನೇ ಇಲ್ಲ. ಗೇರ್ ಬಾಕ್ಸಿಂದು ಮೂಸಿ ನೋಡಿ, ಅಲ್ಲಿ ನಾರ್ತಾ ಅದೆ. ಅದ್ಲು ಬದ್ಲಾಗದೆ."

ಪಕ್ಕದಲ್ಲಿದ್ದ ಸ್ಟೋರಿನವನು, ಕಾಡಿನಲ್ಲಿ ಹುಟ್ಟಿದವರ ಮೂಗಲ್ಲವಾ, ಜಿಂಕೆ ಮೂಸುವ ಹಾಗೆ ಮೂಸುತ್ತಾನೆ ಅಂತ ನಕ್ಕ. ಬೊಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಕಾಡಲ್ಲಿ ಉಟ್ಟುದ್ರೆ ಮೂಗು ಬೆಳೆಯಲ್ಲ ಸಾ. ನಶ್ಯ ಆಕ್ದೆ ಇದ್ರೆ ಸಾಕು."

ಅವನು ಅದನ್ನು ಕುಹಕಕ್ಕೆ ಹೇಳಲಿಲ್ಲ, ಸಹಜವಾಗಿ ಹೇಳಿದ. ಆದರೆ ನನಗೆ ತಲೆಯ ಮೇಲೆ ಸ್ಪ್ಯಾನರು ಬಿದ್ದಂತಾಯಿತು. ಇಷ್ಟು ವರ್ಷ ಮೇಸ್ತ್ರಿಯ ಪಕ್ಕದಲ್ಲಿ ದುಡಿದರೂ, ಆ ನಶ್ಯ ಅವರ ಮೂಗನ್ನೇ ತಿಂದಿರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡು ಸಣ್ಣ ಶೀಸೆಯಲ್ಲಿ ಎರಡು ಎಣ್ಣೆ ಹಿಡಿದುಕೊಂಡು ಮೇಸ್ತ್ರಿ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದರು. ಒಳಗೆ ಅವರ ಹೆಂಡತಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಯಾವುದಕ್ಕೋ ಹಿತ್ತಲಿಗೆ ಹೋಗಿದ್ದರು ಅಂತ ಕಾಣುತ್ತದೆ. ಮೆಣಸಿನಕಾಯಿ ಸೀದು ಘಾಟು ಬೀದಿಯವರೆಗೂ ಬಂತು. ನಾನು ಸೀನಿದೆ. ಮೇಸ್ತ್ರಿ ಕಣ್ಣೊರೆಸಿಕೊಂಡರು, ಆದರೆ ಏನು ಸೀಯುತ್ತಿದೆ ಅಂತ ಕೇಳಲಿಲ್ಲ. ಗಂಟಲು ಕೆರೆದ ಮೇಲೇ ಒಳಗೆ ನೋಡಿದರು. ಶೀಸೆಗಳನ್ನು ಜಗಲಿಯ ಮೇಲಿಟ್ಟು, ಯಾವುದು ಈ.ಪಿ. ಮೇಸ್ತ್ರಿ ಅಂತ ಕೇಳಿದೆ. ಅವರು ಒಂದನ್ನು ಮೂಗಿನ ಹತ್ತಿರ ಹಿಡಿದರು, ಇನ್ನೊಂದನ್ನು ಹಿಡಿದರು. ಎರಡನ್ನೂ ಕೆಳಗಿಟ್ಟರು.

"ಮೂಗು ಓಗಿ ಅತ್ತು ವರ್ಷ ಆಯ್ತು ಕಣ್ಲಾ. ಮಲ್ಗೆ ಊವೂ ಒಂದೇ, ಸೆಗಣಿಯೂ ಒಂದೇ ನಂಗೆ."

ಹಾಗಾದರೆ ಇಷ್ಟು ದಿನ ಹೇಗೆ ಹೇಳುತ್ತಿದ್ದಿರಿ ಅಂದೆ. ಅವರು ನಾಚಿಕೆಯಿಂದ ನಕ್ಕರು. ಒನ್ ಫಾರ್ಟಿಗೂ ನೈಂಟಿಗೂ ವ್ಯತ್ಯಾಸ ಹೆಬ್ಬೆರಳಿಗೆ ನಿಜಕ್ಕೂ ತಿಳಿಯುತ್ತದಂತೆ. ಎರಡು ನೈಂಟಿ ಬಂದ ಮೇಲೆ ಹೆಬ್ಬೆರಳಿಗೆ ಕೆಲಸವಿರಲಿಲ್ಲ. ಹತ್ತಿರ ಬರುವಾಗಲೇ ಡ್ರಮ್ಮಿನ ಮೇಲಿನ ಅಕ್ಷರ ಓದಿಕೊಂಡು, ಆಮೇಲೆ ಬೆರಳು ಅದ್ದಿ ಕಣ್ಣು ಮುಚ್ಚುತ್ತಿದ್ದರು. ಜನ ಬೆರಳು ನೋಡುತ್ತಿದ್ದರು. ಇಳಿಸಿದ ಎಣ್ಣೆ ಸರಿ ಇದೆ ಅಂದದ್ದು ಯಾಕೆ ಅಂತ ಕೇಳಿದೆ. ಹಬ್ಬದ ಮುನ್ನಾದಿನ ಹೇಳಿದ್ದನ್ನು ಎಂಜಿನಿಯರ ಮುಂದೆ ಬದಲಿಸಲು ನಾಲಿಗೆ ಬರಲಿಲ್ಲ ಅಂದರು. ಆಮೇಲೆ ಅವರು ಕೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

"ಅವತ್ತು ಎಲ್ರೂ ನನ್ ಎಬ್ಬೆಟ್ಟು ನೋಡ್ತಿದ್ರು. ನಾನು ನಿನ್ ಮಕ ನೋಡ್ದೆ. ಬಗ್ಗಿ ಮೂಸ್ತಿದ್ದೆ ನೀನು. ಏನೂ ಅನ್ಲಿಲ್ಲ, ಅಂಗಾರೆ ಸರಿ ಅದೆ ಅನ್ಕೊಂಡೆ. ಯಾಕ್ಲಾ ಸುಮ್ನಿದ್ದೆ?"

ನಾನು ಅವರ ತಪ್ಪು ಹಿಡಿಯಲು ಹೋದವನು. ಗದರುತ್ತಿದ್ದಾರೆ ಅಂತ ನಾನು ತಿಳಿದ ಆ ಕಣ್ಣು ನನ್ನನ್ನು ಬೇಡುತ್ತಿತ್ತು. ಅವರಿಗೆ ಮೂಗಿರಲಿಲ್ಲ, ನನಗೆ ಇದ್ದೂ ಇರಲಿಲ್ಲ. ಹೆದರಿದೆ ಮೇಸ್ತ್ರಿ ಅಂದೆ. ಅವರು ನಶ್ಯದ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು, ಮುಚ್ಚಳ ತೆಗೆಯಲಿಲ್ಲ. ನಾಳೆ ಏನು ಹೇಳುತ್ತೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಪ್ಪಿಟ್ಟು ಸೀದಿತ್ತು, ಆದರೂ ತಿನ್ನಿಸಿ ಕಳಿಸಿದರು.

ಸೋಮವಾರ ಎಂಜಿನಿಯರು ಶೆಡ್ಡಿನಲ್ಲೇ ಮೇಜು ಹಾಕಿಸಿ ಕೂತರು. ಬೊಮ್ಮ ಒಗೆದ ಖಾಕಿ ಅಂಗಿ ಹಾಕಿಕೊಂಡು ಕಂಬದ ಪಕ್ಕ ನಿಂತಿದ್ದ. ಅವನ ಅಪ್ಪ ಗೇಟಿನ ಆಚೆ ಟವಲು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಎಣ್ಣೆ ಹಾಕಿದವರು ಯಾರು ಅಂತ ಎಂಜಿನಿಯರು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ನಿಜವಾಗಿ ಹೆಗಲಿಗೆ ಹೋಗಿತ್ತು. ನಾನು ಮುಂದೆ ಬಂದೆ. ಎಣ್ಣೆ ಹಾಕಿದ್ದು ನಾನು, ಆ ದಿನ ಗಂಧಕದ ವಾಸನೆ ಇಲ್ಲ ಅಂತ ನನಗೆ ಗೊತ್ತಾಗಿತ್ತು, ಗೊತ್ತಿದ್ದೂ ಹೇಳಲಿಲ್ಲ, ಹಿಂದುಗಡೆ ಸದ್ದು ಬರುತ್ತಿದೆ ಅಂತ ಈ ಡ್ರೈವರು ಹೇಳಿ ಕಳಿಸಿದಾಗಲೂ ಉದಾಸೀನ ಮಾಡಿದೆ ಅಂದೆ. ಮೇಸ್ತ್ರಿಯ ಹೆಸರು ಎತ್ತಲಿಲ್ಲ.

ಎಂಜಿನಿಯರು ಮೇಸ್ತ್ರಿಯ ಕಡೆ ನೋಡಿದರು. ನೀವು ಎಣ್ಣೆ ಸರಿ ಇದೆ ಅಂದಿದ್ದಿರಲ್ಲ ಅಂದರು. ಶೆಡ್ಡಿನಲ್ಲಿದ್ದ ಅಷ್ಟೂ ಜನ ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಮೇಸ್ತ್ರಿ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಇವ್ನು ಏಳಿದ್ರೂ ನಾನು ಕೇಳ್ತಿರ್ಲಿಲ್ವೇನೋ ಸಾ. ನಂಗೆ ಮೂಗಿಲ್ಲ. ಎಬ್ಬೆಟ್ಟಿಗೆ ಅದು ತಿಳಿಯಲ್ಲ. ತಿಳಿದೋನಂಗೆ ಏಳ್ದೆ. ಬರ್ಕೊಳ್ಳಿ, ಎಣ್ಣೆ ತಪ್ಪು, ಡ್ರೈವರ್ ತಪ್ಪಲ್ಲ."

ಎಂಜಿನಿಯರು ಎದ್ದು ಬಂದು ಡಿಫರೆನ್ಷಿಯಲ್ಲಿನ ಎಣ್ಣೆ, ಗೇರ್ ಬಾಕ್ಸಿನ ಎಣ್ಣೆ ಎರಡನ್ನೂ ತಾವೇ ಬಗ್ಗಿ ಮೂಸಿ ನೋಡಿದರು. ಉಳಿದ ಐದು ಜೀಪುಗಳನ್ನೂ ತರಿಸಿ ನೋಡಿದರು, ಎಲ್ಲದರಲ್ಲೂ ಅದೇ ಕಥೆ. ರಿಪೋರ್ಟು ಹರಿದು ಹೊಸದು ಬರೆಸಿದರು. ನನಗೂ ಮೇಸ್ತ್ರಿಗೂ ಒಂದೊಂದು ಮೆಮೊ ಬಂತು. ನನ್ನ ಸರ್ವೀಸ್ ಪುಸ್ತಕದಲ್ಲಿ ಅದು ಕೊನೆಯವರೆಗೂ ಇತ್ತು, ಇರಲಿ ಅಂತ ನಾನೂ ತೆಗೆಸಲು ಹೋಗಲಿಲ್ಲ. ಬೊಮ್ಮ ಗೇಟಿನ ಆಚೆ ಹೋಗಿ ಅಪ್ಪನ ಹತ್ತಿರ ಏನೋ ಹೇಳಿದ. ಅವರು ಎದ್ದು, ಟವಲು ಕೊಡವಿ, ಬಸ್ಸಿನ ಕಡೆ ನಡೆದರು. ಒಂದು ತಿಂಗಳಿಗೆ ಖಾಯಂ ಆರ್ಡರು ಬಂತು.

ವಿಚಾರಣೆ ನಡೆದ ಸೋಮವಾರ ಸಂಜೆಯೇ ಮೇಸ್ತ್ರಿ ನನ್ನ ಟೂಲ್ ಬಾಕ್ಸಿನ ಹತ್ತಿರ ಬಂದು, ಆ ಕರಿ ರಿಂಗು ಇದೆಯಾ ಅಂತ ಕೇಳಿದರು. ಕೊಟ್ಟೆ. ಈ.ಪಿ. ಪಂಪಿನ ಕುತ್ತಿಗೆಗೆ ಅದನ್ನು ತಂತಿಯಲ್ಲಿ ಬಿಗಿದು, ಇಕ್ಕಳದಲ್ಲಿ ತಿರುಚಿದರು. ಇದು ಹಿತ್ತಾಳೆ ತಿನ್ನುವ ಎಣ್ಣೆ ಅಂತ ಓದು ಬಾರದವನಿಗೂ ತಿಳಿಯಲಿ, ಮೇಲೆ ಕಾವಿ ಬಳಿದರೂ ಕೈಗೆ ಸಿಗಲಿ ಅಂದರು. ಅಕ್ಷರ ನೋಡದೆ ಪಂಪು ಹಾಕಕೂಡದು, ಇಬ್ಬರು ಮೂಸದೆ ಎಣ್ಣೆ ಸುರಿಯಕೂಡದು ಅಂತ ಕಾನೂನು ಮಾಡಿದೆವು. ನಾನು ನಿವೃತ್ತನಾಗುವವರೆಗೂ ಅದು ನಡೆಯಿತು. ಈಗ ನಿಮ್ಮ ಡಬ್ಬಿಗಳ ಮೇಲೆ ಎಲ್ಲ ಬರೆದಿರುತ್ತದೆ, ಗಾಡಿಯ ಪುಸ್ತಕದಲ್ಲೂ ಇರುತ್ತದೆ. ಓದಿ. ಹಿತ್ತಾಳೆ ಇರುವ ಹೊಟ್ಟೆ ಯಾವುದು, ಜಾರುವ ಹಲ್ಲಿನ ಹೊಟ್ಟೆ ಯಾವುದು ಅಂತ ಮೊದಲು ಕೇಳಿ. ಸಿಂಥೆಟಿಕ್ಕೋ ಸಾದಾವೋ ಅನ್ನುವುದು ಆಮೇಲಿನ ಮಾತು. ಮತ್ತೆ, ಎಷ್ಟೇ ದೊಡ್ಡವರು ಸರಿ ಅಂದರೂ ನಿಮಗೆ ವಾಸನೆ ಬರದಿದ್ದರೆ ಬಾಯಿ ಬಿಟ್ಟು ಹೇಳಿ. ಅವರೂ ಅದಕ್ಕೇ ಕಾಯುತ್ತಿರಬಹುದು.

ಮುಂದಿನ ಆಯುಧಪೂಜೆಯ ಹೊತ್ತಿಗೆ ಮೇಸ್ತ್ರಿ ನಿವೃತ್ತರಾಗಿದ್ದರು. ಹಿಂದಿನ ದಿನ, ಎಣ್ಣೆ ಬದಲಿಸುವ ಹೊತ್ತಿಗೆ, ಬಿಳಿ ಪಂಚೆ ಉಟ್ಟು ನೋಡಲು ಬಂದರು. ಒಳಗೆ ಬರದೆ ಚಪ್ಪರದ ಅಂಚಿನಲ್ಲೇ ನಿಂತರು. ಕೆಲವರಿಗೆ ಅವರನ್ನು ಹೇಗೆ ಮಾತಾಡಿಸುವುದು ಅಂತ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಬೊಮ್ಮ ಜೀಪಿನ ಕೆಳಗಿನಿಂದ ಎದ್ದು ಬಂದು ಅಳತೆಯ ಡಬ್ಬವನ್ನು ಅವರ ಮುಂದೆ ಹಿಡಿದ.

"ಮೇಸ್ತ್ರಿ, ನನ್ ಗಾಡಿಗೆ ನೀವೇ ಆಕಿ."

ಮೇಸ್ತ್ರಿ ಪಂಚೆ ಎತ್ತಿ ಕಟ್ಟಿದರು. ಡ್ರಮ್ಮುಗಳ ಹತ್ತಿರ ಹೋಗಿ ಹೆಬ್ಬೆರಳಿನಿಂದ ತಡವಿ ಕರಿ ರಿಂಗನ್ನು ಮುಟ್ಟಿದರು. ಪಂಪು ತಿರುಗಿಸಿ ಡಬ್ಬ ತುಂಬಿಸಿಕೊಂಡು ಜೀಪಿನ ಹತ್ತಿರ ಬಂದರು. ಸುರಿಯುವ ಮೊದಲು ಡಬ್ಬವನ್ನು ಅವನ ಮುಖದ ಹತ್ತಿರ ಹಿಡಿದರು.

"ನೋಡಪ್ಪ ಬೊಮ್ಮಯ್ಯ, ಸರೀನಾ?"

ಬೊಮ್ಮ ಬಗ್ಗಿ ಮೂಸಿದ. ಅವಸರ ಮಾಡಲಿಲ್ಲ.

"ಸರಿಯಾಗದೆ. ಆಕಿ."